ಉಳಿದ ಉಕಾರ

ಅವಳು ಮೊದಲ ಸಲ ತೆರೆಗೆ ಬಂದಾಗ ಹದಿನಾಲ್ಕು.
ಕೆಂಪು ಮಣ್ಣಿನ ಹಾದಿ, ತಗಡಿನ ಮನೆ, ಕಳೆದುಹೋದ ನಾಯಿ.
ಇದ್ದದ್ದು ಮೂರೇ ಮಾತು.
ಮೂರನ್ನೂ ಕನ್ನಡದಲ್ಲಿ ಆಡಿದವಳು ನಾನು,
ದಾವಣಗೆರೆಯ ಮಂಡಿಪೇಟೆಯಲ್ಲಿ, ಬಟ್ಟೆ ಅಂಗಡಿಯ ಮಹಡಿ ಮೇಲೆ,
ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದ ಕೋಣೆಯೊಳಗೆ
ಫ್ಯಾನು ಆರಿಸಿ, ಬಳೆ ಬಿಚ್ಚಿಟ್ಟು.

ಭಟ್ಟಿಯ ಹೊಗೆ ಕುಡಿದ ಗಂಟಲು ನನ್ನದು.
ಅಮ್ಮಿ ಮಂಡಕ್ಕಿ ಹುರಿಯುತ್ತಿದ್ದರೆ ಪಕ್ಕದಲ್ಲೇ ಕೂತು ಮಗ್ಗಿ ಕಲಿತವಳು,
ಒಲೆಗೆ ಹಳೇ ಟೈರು ತುಂಬುತ್ತಿದ್ದ ಕಾಲ.
ಹೆಣ್ಣು ನೋಡಲು ಬಂದವರು, ನೆಗಡಿಯೇನಮ್ಮ, ಅಂದಿದ್ದರು.
ಕೊಟ್ರೇಶಿ ಸರ್ ಮಾತ್ರ ಹೆಡ್‌ಫೋನು ಕೆಳಗಿಳಿಸಿ
‘ಇದೇ ಬೇಕಿತ್ತು ನನಗೆ. ಈ ಹುಡುಗಿ ಧೂಳು ತಿಂದಾಳೆ.’

ಅವಳು ಮೇವ್ ಕಾರ್ಡಿನ್. ನಾನು ಖೈರುನ್ನಿಸಾ.
ಅವಳ ಹೆಸರು ಮೇಲೇರುತ್ತ ಬಂತು:
ಹನ್ನೊಂದನೆಯದು, ನಾಲ್ಕನೆಯದು, ಆಮೇಲೆ ಪೋಸ್ಟರಿನ ನೆತ್ತಿಗೆ.
ನನ್ನದು ಎಲ್ಲೂ ಬರಲಿಲ್ಲ. ದೂರೇನಿಲ್ಲ,
ನಿಮಿಷದ ಲೆಕ್ಕದಲ್ಲಿ ದುಡ್ಡು ಬಂತು.

ಕಷ್ಟವೆಲ್ಲ ಅವಳ ತುಟಿಯಲ್ಲಿ.
ಅವಳ ಭಾಷೆ ಬಾಗಿಲು ಹಾಕಿಕೊಂಡು ಮುಗಿಯುತ್ತೆ.
ನಮ್ಮದು ತೆರೆದಿಟ್ಟೇ ಎದ್ದು ಹೋಗುತ್ತೆ:
ಮನೆ, ಮಣ್ಣು, ಬಾ, ನೀರು, ಹೋಗು.
ಅವಳು ‘ಸ್ಟಾಪ್’ ಎಂದು ತುಟಿ ಮುಚ್ಚಿದ ಮೇಲೂ
ನನ್ನ ‘ನಿಲ್ಲು’ವಿನ ಉಕಾರ ಹೊರಗೇ ನಿಂತಿರುತ್ತೆ,
ಶಾಲೆ ಬಿಟ್ಟರೂ ಕರೆಯಲು ಯಾರೂ ಬಾರದ ಮಗುವಿನ ಹಾಗೆ.
ಅದನ್ನು ನುಂಗುವುದಕ್ಕೇ ನನಗೆ ಸಂಬಳ.

ಎರಡನೆಯ ಚಿತ್ರದಲ್ಲಿ ಸಮುದ್ರ ಅವಳನ್ನು ಎಳೆದುಕೊಂಡಿತು.
ಕುಂದವಾಡ ಕೆರೆಗಿಂತ ದೊಡ್ಡ ನೀರು ನಾನು ಕಂಡಿಲ್ಲ.
ಬಾಯ್ತುಂಬ ನೀರಿಟ್ಟುಕೊಂಡು ಕೂಗಿದೆ, ಮೈಕಿಗೆ ಎರಚಿತು,
ಆ ತಿಂಗಳ ದುಡ್ಡು ಮೈಕಿಗೇ ಹೋಯಿತು.
ಆಮೇಲೆ ಕುರಿಯ ಉಣ್ಣೆ ಕತ್ತರಿಸುವವಳು. ಆಮೇಲೆ ಸುಳ್ಳು ಸಾಕ್ಷಿ.
ಆಮೇಲೆ ಆ ದೆವ್ವದ ಮನೆ, ಹತ್ತೊಂಬತ್ತು ಕಿರುಚು.
ಕೆಳಗಿನ ಅಂಗಡಿಯ ಶೇಠು ಟೇಪು ಕೊರಳಲ್ಲೇ ಹಾಕಿಕೊಂಡು ಮೆಟ್ಟಿಲೇರಿ ಬಂದ:
‘ಪೊಲೀಸ್ರಿಗೆ ಹೇಳ್ಲೇನಮ್ಮ?’

ನಡುವೆ ಒಂದು ವರ್ಷ ಅವಳಿಗೆ ಕೆಲಸವೇ ಇರಲಿಲ್ಲವಂತೆ,
ಹೋಟೆಲಿನಲ್ಲಿ ತಟ್ಟೆ ತೊಳೆದಳಂತೆ.
ಆ ಸಂದರ್ಶನವನ್ನು ಯಾರೂ ಕನ್ನಡಕ್ಕೆ ಮಾಡಿಸಲಿಲ್ಲ.
ರಾತ್ರಿ ಮೊಬೈಲಿನ ಸದ್ದು ಆರಿಸಿ ಅವಳ ಬಾಯಿ ನೋಡಿದೆ.
ಆ ವರ್ಷ ನಾನು ಭಟ್ಟಿಯಲ್ಲಿ ಮಂಡಕ್ಕಿ ಚೀಲ ಹೊಲಿಯುತ್ತಿದ್ದೆ,
ದಬ್ಬಣ ಹೆಬ್ಬೆರಳಿಗೆ ಹೊಕ್ಕಿತ್ತು, ಅಮ್ಮಿ ಅರಿಶಿನ ಮೆತ್ತಿದ್ದಳು.
ಅದನ್ನೇ ಅವಳ ಬಾಯಲ್ಲಿ ಹೇಳಿದೆ.
ಸರಿಯಾಗಿ ಕೂತಿತು.
ಅವಳು ನಕ್ಕ ಕಡೆ ನನಗೂ ನಗು ಬಂತು.

ಓಣಿಯ ಹುಡುಗರಿಗೆ ಗೊತ್ತಿಲ್ಲ:
‘ಆ ಬಿಳೇ ಹುಡುಗಿ ಅದಾಳಲ್ಲ,
ಥೇಟ್ ನಮ್ಮ ಖೈರಕ್ಕನ ಹಂಗೆ ಮಾತಾಡ್ತಾಳೆ.’
ಅಕ್ಕ ಎಂದೂ ಅವಳ ಹಾಗೆ ಮಾತಾಡಿದ್ದಿಲ್ಲ ಎಂಬುದು
ಅವರಿಗಾದರೂ ಗ್ಯಾರಂಟಿ.

ಈಗ ಅವಳಿಗೆ ದೊಡ್ಡದೊಂದು ಪ್ರಶಸ್ತಿ.
ಪಾತ್ರಕ್ಕೆ ಮಾತೇ ಇಲ್ಲ. ಎರಡು ಗಂಟೆ ಬರೀ ನೋಡುತ್ತಾಳಂತೆ,
ಒಲೆಯನ್ನು, ಗಂಡನ ಬೂಟನ್ನು, ಬಾರದ ಮಳೆಯನ್ನು.
ಪೇಪರಿನವರು ಬರೆದರು: ಇಷ್ಟು ದಿನ ಮಾತು ಅವಳಿಗೆ ಅಡ್ಡವಾಗಿತ್ತು.
ಪೇಪರು ಮಡಿಸಿ ಅಮ್ಮಿಯ ರೊಟ್ಟಿಬುಟ್ಟಿಯ ತಳಕ್ಕೆ ಹಾಸಿದೆ.

ಕೊಟ್ರೇಶಿ ಸರ್ ಫೋನು:
‘ಈ ಸಲ ನಿನಗೇನೂ ಕೆಲಸ ಇಲ್ಲಮ್ಮ.’
ಇಟ್ಟರೇನೋ ಅಂದುಕೊಂಡೆ, ಇಟ್ಟಿರಲಿಲ್ಲ.
‘ಒಂದು ಕಡೆ, ಹೊಸ್ತಿಲ ಹತ್ರ, ಏನೋ ಅನ್ನೋಕೆ ಹೋಗಿ ಬಿಟ್ಟುಬಿಡ್ತಾಳೆ.
ಬಾಯಿ ಹಂಗೇ ತೆರೆದಿರುತ್ತೆ.’

ತೆರೆದೇ ಇರುತ್ತಾ ಸರ್?

ಎಷ್ಟು ಹೊತ್ತು, ಎಂದು ಕೇಳುತ್ತ
ಆಗಲೇ ಒಂದು ಕೈಯ ಬಳೆ ಬಿಚ್ಚಿದ್ದೆ.